ಹಳೆಯ ಕವಿಯ ವೇಷ ಹಾಕಿದ ಡ್ರಿಲ್ ಮೇಷ್ಟ್ರು: ಮುದ್ದಣನ ಕತೆ

ಕನ್ನಡ ಮಾಧ್ಯಮದಲ್ಲಿ ಓದಿದವರ ಹತ್ತಿರ ಮುದ್ದಣ ಅಂದರೆ ಸಾಕು, ಜೊತೆಗೇ ಮನೋರಮೆ ಅನ್ನುತ್ತಾರೆ. ನಮ್ಮ ಕ್ಲಾಸಿನಲ್ಲಿ ಇವರಿಬ್ಬರ ಸಲ್ಲಾಪದ ಪಾಠ ಬಂದಾಗ ಮೇಷ್ಟ್ರು ಒಬ್ಬ ಹುಡುಗನನ್ನೂ ಒಬ್ಬಳು ಹುಡುಗಿಯನ್ನೂ ನಿಲ್ಲಿಸಿ ಓದಿಸಿದ್ದರು. ಗಂಡ ಹೆಂಡತಿ ಮಾತು ಅಂತ ಗೊತ್ತಾದ ಕೂಡಲೇ ಹಿಂದಿನ ಬೆಂಚಿನಲ್ಲಿ ನಗು ಶುರು. ಭಾಷೆ ಮಾತ್ರ ಅರ್ಧಕ್ಕರ್ಧ ತಲೆಯ ಮೇಲೆ ಹೋಗಿತ್ತು. ನಾನಂತೂ ಮುದ್ದಣ ಎಂದರೆ ಪಂಪ, ರನ್ನರ ಪಕ್ಕದ ಮನೆಯವನು, ಸಾವಿರ ವರ್ಷ ಹಿಂದಿನವನು ಎಂದೇ ತಿಳಿದಿದ್ದೆ.

ಆಮೇಲೆ ಗೊತ್ತಾಯಿತು, ಅವನು ತೀರಿಕೊಂಡದ್ದು 1901ರಲ್ಲಿ. ಆಗ ಮಾಸ್ತಿಯವರು ಒಂಬತ್ತು ವರ್ಷದ ಹುಡುಗ, ಬೇಂದ್ರೆಯವರಿಗೆ ಐದು ವರ್ಷ. ದೇಶದ ತುಂಬ ರೈಲು ಓಡುತ್ತಿತ್ತು, ಅಂಚೆ ಇತ್ತು, ಮಂಗಳೂರಿನಲ್ಲಿ ಅಚ್ಚುಕೂಟ ಶುರುವಾಗಿ ಅರವತ್ತು ವರ್ಷ ಆಗುತ್ತ ಬಂದಿತ್ತು. ಅಂಥ ಕಾಲದಲ್ಲಿ ಕೂತು ಒಬ್ಬ ಮನುಷ್ಯ 'ಪಾಲ್', 'ಪೇಳ್', 'ಪುಸಿ' ಅಂತ ಬರೆದ. ಬರೆದದ್ದನ್ನು ತನ್ನದು ಎಂದು ಹೇಳಲೂ ಇಲ್ಲ. ಇದು ಹಳೆಯ ಕವಿಯೊಬ್ಬನ ಕೃತಿ ಎಂಬ ಹಾಗೆ ಮೈಸೂರಿಗೆ ಕಳಿಸಿದ. ಅಲ್ಲಿನ ಪತ್ರಿಕೆಯವರು ಅಚ್ಚು ಹಾಕಿದರು, ಜನ ನಂಬಿದರು.

ಯಾಕೆ ಹೀಗೆ ಮಾಡಿದ? ಪಠ್ಯಪುಸ್ತಕದ ಕವಿ ಪರಿಚಯದಲ್ಲಿ ಇದಕ್ಕೆ ಒಂದೇ ಸಾಲು ಇರುತ್ತದೆ, 'ಸಂಕೋಚ ಸ್ವಭಾವದವರು' ಅಂತ. ನನಗೆ ಅಷ್ಟಕ್ಕೆ ಸಮಾಧಾನ ಆಗಿಲ್ಲ.

ಮೊದಲು ಮನುಷ್ಯನ ಪರಿಚಯ ಮಾಡಿಕೊಳ್ಳೋಣ. ಹೆಸರು ಲಕ್ಷ್ಮೀನಾರಣಪ್ಪ. ಊರು ನಂದಳಿಕೆ. ಕಾರ್ಕಳದ ಕಡೆಯ ಹಳ್ಳಿ, ಈಗ ಉಡುಪಿ ಜಿಲ್ಲೆಗೆ ಸೇರಿದೆ. ಹುಟ್ಟಿದ್ದು 1870ರ ಜನವರಿ 24ರಂದು. ತಂದೆ ಪಾಠಾಳಿ ತಿಮ್ಮಪ್ಪಯ್ಯ, ತಾಯಿ ಮಹಾಲಕ್ಷ್ಮಿ. ನೋಡಲು ಮುದ್ದಾಗಿದ್ದ ಮಗುವನ್ನು ಮನೆಯಲ್ಲಿ ಮುದ್ದಣ ಎಂದು ಕರೆದರು. ಆ ಮನೆಯ ಹೆಸರೇ ಮುಂದೆ ಕಾವ್ಯದ ಒಳಗೆ ಹೋಗಿ ಕೂತಿತು. (ಕವಿಗಳನ್ನು ಏಕವಚನದಲ್ಲಿ ಕರೆಯುವುದು ನಮ್ಮ ರೂಢಿ. ಪಂಪ ಬಂದ, ಕುಮಾರವ್ಯಾಸ ಬರೆದ ಅನ್ನುತ್ತೇವೆ. ಮುದ್ದಣನಿಗೂ ಅದೇ ಸಲಿಗೆ.)

ಮನೆಯಲ್ಲಿ ಬಡತನ. ಹಳ್ಳಿ ಶಾಲೆ ಆಯಿತು, ಮುಂದೆ ಓದಲು ಉಡುಪಿಗೆ ಹೋದ. ಇಂಗ್ಲಿಷ್ ಓದು ಮುಂದುವರಿಸುವಷ್ಟು ದುಡ್ಡು ಇರಲಿಲ್ಲ. ಮೇಷ್ಟ್ರ ಕೆಲಸದ ದಾರಿ ಹಿಡಿದ, ಮದ್ರಾಸಿಗೆ ಹೋಗಿ ವ್ಯಾಯಾಮ ಶಿಕ್ಷಣದ ತರಬೇತಿ ಪಡೆದು ಬಂದ, ಉಡುಪಿ ಮತ್ತು ಕುಂದಾಪುರದ ಶಾಲೆಗಳಲ್ಲಿ ಕೆಲಸ ಮಾಡಿದ. ಕೆಲಸ ಯಾವುದು ಅಂತ ಗಮನಿಸಿ. ಕನ್ನಡ ಪಂಡಿತನ ಕೆಲಸ ಅಲ್ಲ, ಡ್ರಿಲ್ ಮೇಷ್ಟ್ರ ಕೆಲಸ. ಬೆಳಿಗ್ಗೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಕಸರತ್ತು ಮಾಡಿಸುವುದು, ರಾತ್ರಿ ದೀಪದ ಮುಂದೆ ಕೂತು ಹಳಗನ್ನಡ. ಮಳಲಿ ಸುಬ್ಬರಾಯರು ಎಂಬ ವಿದ್ವಾಂಸರ ಒಡನಾಟ ಸಿಕ್ಕಿತು, ಹಳೆಯ ಕಾವ್ಯಗಳ ರುಚಿ ಹತ್ತಿತು. ಕಮಲಾಬಾಯಿಯವರ ಜೊತೆ ಮದುವೆ ಆಯಿತು, ಒಬ್ಬ ಮಗ ಹುಟ್ಟಿದ. ಕ್ಷಯ ಹಿಡಿಯಿತು. 1901ರ ಫೆಬ್ರವರಿಯಲ್ಲಿ ತೀರಿಕೊಂಡ. ಮೂವತ್ತೊಂದು ತುಂಬಿ ಒಂದು ತಿಂಗಳೂ ಆಗಿರಲಿಲ್ಲ.

ಬದುಕಿನ ಕತೆ ಇಷ್ಟೇ, ಒಂದು ಪ್ಯಾರಾಕ್ಕೆ ಮುಗಿದುಹೋಗುತ್ತದೆ.

ಬರೆದದ್ದು ಏನೇನು? ಮೊದಲು ಯಕ್ಷಗಾನ ಪ್ರಸಂಗಗಳು, 'ರತ್ನಾವತಿ ಕಲ್ಯಾಣ' ಮತ್ತು 'ಕುಮಾರ ವಿಜಯ'. ಆಮೇಲೆ ಗದ್ಯದಲ್ಲಿ 'ಅದ್ಭುತ ರಾಮಾಯಣ'. ಇದರಲ್ಲಿ ಸಾವಿರ ತಲೆಯ ರಾವಣನೊಬ್ಬ ಬರುತ್ತಾನೆ, ಅವನನ್ನು ಕೊಲ್ಲುವುದು ರಾಮ ಅಲ್ಲ, ಸೀತೆ. ಆಮೇಲೆ ವಾರ್ಧಕ ಷಟ್ಪದಿಯಲ್ಲಿ 'ಶ್ರೀರಾಮ ಪಟ್ಟಾಭಿಷೇಕ'. ಕೊನೆಗೆ 'ಶ್ರೀರಾಮಾಶ್ವಮೇಧ'. ಇದೂ ಗದ್ಯ. ಪದ್ಮಪುರಾಣದಿಂದ ತೆಗೆದುಕೊಂಡ ಕತೆ. ಪಟ್ಟಾಭಿಷೇಕ ಆದ ಮೇಲೆ ರಾಮ ಯಾಗದ ಕುದುರೆ ಬಿಡುತ್ತಾನೆ, ಅದರ ಹಿಂದೆ ಯುದ್ಧಗಳು, ಲವ ಕುಶರು. ಮುದ್ದಣ ಮನೋರಮೆಯರ ಮಾತು ಬರುವುದು ಈ ಪುಸ್ತಕದಲ್ಲಿ.

ಈಗ ಮೊದಲ ಗಂಟು ಬಿಚ್ಚೋಣ. 1890ರ ದಶಕದಲ್ಲಿ ಹಳಗನ್ನಡ ಯಾಕೆ?

ನಮಗೆ ಹಳಗನ್ನಡ ಅಂದರೆ ಹಳೆಯದು, ಪರೀಕ್ಷೆಗೆ ಭಾವಾರ್ಥ ಬರೆಯಬೇಕಾದದ್ದು. ಮುದ್ದಣನ ಕಾಲದವರಿಗೆ ಅದು ಆಗತಾನೇ ಅಂಚೆಯಲ್ಲಿ ಬಂದ ಹೊಸ ಸಾಮಾನು. ಶತಮಾನಗಳ ಕಾಲ ಓಲೆಗರಿಯಲ್ಲಿ, ಮಠದಲ್ಲಿ, ಬಸದಿಯಲ್ಲಿ, ಯಾರದೋ ಮನೆಯ ಅಟ್ಟದಲ್ಲಿ ಕೂತಿದ್ದ ಕಾವ್ಯಗಳು ಮೊದಲ ಸಲ ಅಚ್ಚಿನ ಬೆಳಕು ಕಂಡದ್ದು ಆಗಲೇ. ಕಿಟೆಲ್ ಅವರು ಮಂಗಳೂರಿನಲ್ಲಿ ಕೇಶಿರಾಜನ 'ಶಬ್ದಮಣಿದರ್ಪಣ' ಹೊರತಂದದ್ದು 1872ರಲ್ಲಿ, ನಾಗವರ್ಮನ ಛಂದಸ್ಸಿನ ಪುಸ್ತಕ 1875ರಲ್ಲಿ, ಅವರ ದೊಡ್ಡ ನಿಘಂಟು ಬಂದದ್ದು 1894ರಲ್ಲಿ. ಪಂಪನ ಭಾರತವೂ 'ಕವಿರಾಜಮಾರ್ಗ'ವೂ ಅಚ್ಚಾದದ್ದು 1898ರಲ್ಲಿ. ಅಂದರೆ ಮುದ್ದಣನಿಗೆ ಇಪ್ಪತ್ತೆಂಟು ವರ್ಷ ಆದಾಗ ಪಂಪ ಮಾರುಕಟ್ಟೆಗೆ ಬಂದ! ಮೈಸೂರಿನಿಂದ ರಾಮಾನುಜಯ್ಯಂಗಾರ್ಯರೂ ಎಸ್. ಜಿ. ನರಸಿಂಹಾಚಾರ್ಯರೂ ಸೇರಿ 'ಕರ್ಣಾಟಕ ಕಾವ್ಯಮಂಜರಿ' ಎಂಬ ಪತ್ರಿಕೆ ತರುತ್ತಿದ್ದರು. ಹಳೆಯ ಕಾವ್ಯಗಳನ್ನು ಕಂತು ಕಂತಾಗಿ ಅಚ್ಚು ಹಾಕುವುದೇ ಅದರ ಕೆಲಸ. ಅದು ಮುಂದೆ 'ಕಾವ್ಯ ಕಲಾನಿಧಿ' ಆಯಿತು. ಈಗ ನಾವು ವೆಬ್ ಸೀರೀಸಿನ ಮುಂದಿನ ಕಂತಿಗೆ ಕಾಯುತ್ತೇವಲ್ಲ, ಓದುವ ಹುಚ್ಚಿದ್ದವರು ಆಗ ಹಾಗೆ ಹಳೆಯ ಕವಿಗಳ ಮುಂದಿನ ಆಶ್ವಾಸಕ್ಕೆ, ಅಂದರೆ ಅಧ್ಯಾಯಕ್ಕೆ, ಕಾಯುತ್ತಿದ್ದರು ಅಂತ ನಾನು ಊಹಿಸುತ್ತೇನೆ.

ಇನ್ನೊಂದು ಮಾತು. ಆಗ ಕನ್ನಡ ನಾಡು ಒಂದಾಗಿರಲಿಲ್ಲ. ಉಡುಪಿ, ಕಾರ್ಕಳ ಇದ್ದದ್ದು ಮದ್ರಾಸ್ ಪ್ರಾಂತ್ಯದಲ್ಲಿ. ಧಾರವಾಡ ಮುಂಬೈಗೆ, ಕಲಬುರಗಿ ನಿಜಾಮರಿಗೆ. ಮೈಸೂರು ಬೇರೆಯೇ ಸಂಸ್ಥಾನ, ಅಲ್ಲಿ ಅರಮನೆ, ವಿದ್ವಾಂಸರು, ಪತ್ರಿಕೆ. ನಂದಳಿಕೆಯಲ್ಲಿ ಊರ ಮಾತು ತುಳು. ಕನ್ನಡ ಸಿಗುತ್ತಿದ್ದದ್ದು ಶಾಲೆಯಲ್ಲಿ, ಪುರಾಣ ಓದುವಲ್ಲಿ, ಎಲ್ಲಕ್ಕಿಂತ ಜಾಸ್ತಿ ಯಕ್ಷಗಾನದಲ್ಲಿ. ಇಂಥ ಕಡೆಯಿಂದ ಒಬ್ಬ ಡ್ರಿಲ್ ಮೇಷ್ಟ್ರು ಘಟ್ಟದ ಮೇಲಿನ ಮೈಸೂರಿಗೆ ಕಾಗದ ಬರೆಯುತ್ತಾನೆ. ಏನಂತ ಬರೆಯಬೇಕು? 'ಸ್ವಾಮಿ, ನಾನೊಂದು ಕಾವ್ಯ ಬರೆದಿದ್ದೇನೆ' ಎಂದರೆ ಅವರ ಪತ್ರಿಕೆ ಇರುವುದೇ ಹಳೆಯ ಕೃತಿಗಳಿಗೆ. 'ಹಳೆಯದೊಂದು ಕಾವ್ಯ ಇದೆ' ಎಂದರೆ ಬಾಗಿಲು ತಾನಾಗಿ ತೆರೆಯುತ್ತದೆ. ಸಂಕೋಚ ಇದ್ದಿರಬಹುದು. ಲೆಕ್ಕಾಚಾರವೂ ಇತ್ತು ಎಂದು ಹೇಳಿದರೆ ಅವನ ಗೌರವ ಕಮ್ಮಿ ಆಗುವುದಿಲ್ಲ.

ನನಗೆ ಮೂರನೆಯ ಕಾರಣವೂ ಕಾಣುತ್ತದೆ. ಅದು ಆಟ. ವೇಷ ಹಾಕುವ ಖುಷಿ. ಕರಾವಳಿಯ ಮನುಷ್ಯ, ಪ್ರಸಂಗ ಬರೆದವನು. ಚೌಕಿಯಲ್ಲಿ ಬಣ್ಣ ಹಚ್ಚಿಕೊಂಡು ರಂಗಸ್ಥಳಕ್ಕೆ ಬಂದ ಮೇಲೆ ಗದ್ದೆ ಕೆಲಸದ ಆಳೇ ದೇವೇಂದ್ರ ಆಗಿಬಿಡುತ್ತಾನೆ, ಎದುರು ಕೂತವರು ಅವನನ್ನು ದೇವೇಂದ್ರ ಎಂದೇ ನೋಡುತ್ತಾರೆ, ಬೆಳಗಾದ ಮೇಲೆ ಅವನು ಮತ್ತೆ ಗದ್ದೆಗೆ. ಮುದ್ದಣ ಕಾಗದದ ಮೇಲೆ ಮಾಡಿದ್ದೂ ಹೆಚ್ಚುಕಮ್ಮಿ ಇದೇ. ಪುಸ್ತಕದ ಒಳಗೆ ಬರುವ ಮುದ್ದಣ ಅರಮನೆಯ ಕವಿ. ಅರಮನೆಯಿಂದ ಮನೆಗೆ ಬರುತ್ತಾನೆ, ಹೆಂಡತಿ ಉಪಚಾರ ಮಾಡುತ್ತಾಳೆ. ನಿಜವಾದ ಮುದ್ದಣ ಶಾಲೆಯ ಮೈದಾನದಿಂದ ಬರುತ್ತಿದ್ದ. ತಮಾಷೆ ಅಂದರೆ, ಮುಚ್ಚಿಟ್ಟೆ ಎಂದುಕೊಂಡ ಹೆಸರು ಪುಸ್ತಕದ ಪುಟ ಪುಟದಲ್ಲೂ ಇದೆ. ಮನೆಯವರು ಕರೆಯುತ್ತಿದ್ದ ಹೆಸರನ್ನು ಎಲ್ಲರ ಕಣ್ಣೆದುರೇ ಇಟ್ಟು, ಹುಡುಕಿಕೊಳ್ಳಿ ಅಂದ ಹಾಗಿದೆ.

ಇನ್ನು ಭಾಷೆಗೆ ಬರೋಣ. ಹಳಗನ್ನಡ ನೋಡಿ ಹೆದರುವವರಿಗೆ ಮುದ್ದಣ ಒಳ್ಳೆಯ ಬಾಗಿಲು. ನಾಲ್ಕೈದು ವಿಷಯ ತಿಳಿದರೆ ಅರ್ಧ ದಾರಿ ಸಾಗುತ್ತದೆ. ನಮ್ಮ 'ಹ' ಅಲ್ಲಿ ಬಹಳ ಕಡೆ 'ಪ' ಆಗಿರುತ್ತದೆ: ಹಾಲು ಅಂದರೆ ಪಾಲ್, ಹೇಳು ಅಂದರೆ ಪೇಳ್, ಹುಸಿ ಅಂದರೆ ಪುಸಿ. 'ಅಲ್ಲಿ' ಎನ್ನುವ ಕಡೆ 'ಒಳ್' ಬರುತ್ತದೆ: ಗಂಟಲಲ್ಲಿ ಅಂದರೆ ಗಂಟಲೊಳ್. 'ಅನ್ನು' ಎನ್ನುವ ಕಡೆ 'ಅಂ': ಕಡುಬನ್ನು ಅಂದರೆ ಕಡುಬಂ. ಸಂಸ್ಕೃತದ ಪದಗಳು ಕನ್ನಡದ ನಾಲಿಗೆಗೆ ಒಗ್ಗಿ ಮೆತ್ತಗಾಗಿರುತ್ತವೆ: ಸಂಸ್ಕೃತ ಎನ್ನುವ ಪದವೇ 'ಸಕ್ಕದ' ಆಗಿದೆ, ಕಸ್ತೂರಿ 'ಕತ್ತುರಿ', ಲಕ್ಷಣ 'ಲಕ್ಕಣ'. ಮಾತಿನ ಕೊನೆಗೆ 'ಗಡ' ಬಂದರೆ ನಮ್ಮ 'ಅಂತೆ' ಅಥವಾ 'ಅಲ್ಲವೇ' ಎಂದುಕೊಂಡು ಮುಂದೆ ಹೋಗಿ. ಬಾಕಿದ್ದು ಗಟ್ಟಿಯಾಗಿ ಓದಿದರೆ ತಾನಾಗಿ ಬರುತ್ತದೆ. ಕಣ್ಣಲ್ಲಿ ಓದಬೇಡಿ, ಬಾಯಲ್ಲಿ ಓದಿ.

ರಾಮಾಶ್ವಮೇಧ ಶುರುವಾಗುವುದು 'ಓವೊ! ಕಾಲಪುರುಷಂಗೆ ಗುಣಮಣಮಿಲ್ಲಂ ಗಡ' ಎಂದು. 'ಅಯ್ಯೋ, ಈ ಕಾಲಪುರುಷನಿಗೆ ಒಳ್ಳೆ ಗುಣ ಅನ್ನೋದೇ ಇಲ್ವಂತೆ' ಅಂದ ಹಾಗೆ. ಹೊರಗೆ ಮಳೆಗಾಲ. ಹಗಲು ಮಂಕು, ಗುಡುಗು, ಹೊತ್ತು ಹೋಗುವುದಿಲ್ಲ. ಗಂಡ ಬಂದ. ಕತೆ ಹೇಳು ಎನ್ನುತ್ತಾಳೆ ಹೆಂಡತಿ. ಯಾವುದರಲ್ಲಿ ಹೇಳಲಿ, ಪದ್ಯದಲ್ಲೋ ಗದ್ಯದಲ್ಲೋ?

'ಪದ್ಯಂ ವಧ್ಯಂ, ಗದ್ಯಂ ಹೃದ್ಯಂ.'

ಪದ್ಯ ಕೊಲ್ಲಲು ಲಾಯಕ್ಕು, ಗದ್ಯ ಹೃದಯಕ್ಕೆ ಇಳಿಯುವಂಥದ್ದು. ನಾಲ್ಕೇ ಪದ. ಸ್ವಲ್ಪ ಹಿಂದೆ ಇಡೀ ಪಟ್ಟಾಭಿಷೇಕವನ್ನು ಷಟ್ಪದಿಯಲ್ಲಿ ಬರೆದ ಮನುಷ್ಯ ತನ್ನ ಹೆಂಡತಿಯ ಬಾಯಲ್ಲಿ ಈ ಮಾತು ಆಡಿಸುತ್ತಾನೆ! ಅದರಲ್ಲೂ ನಾಲ್ಕು ಪದವೂ ಸಂಸ್ಕೃತ, ಪ್ರಾಸ ಬೇರೆ. ಪದ್ಯ ಬೇಡ ಎನ್ನುವ ಮಾತೇ ಪದ್ಯದ ಹಾಗೆ ಕೇಳುತ್ತದೆ. ಸುಮ್ನೆ ಬಂದದ್ದಲ್ಲ ಇದು.

ಸರಿ, ಗಂಡ ಗಂಟಲು ಸರಿಮಾಡಿಕೊಂಡು ಶುರು ಮಾಡುತ್ತಾನೆ. 'ಸ್ವಸ್ತಿ ಶ್ರೀಮತ್ ಸುರಾಸುರೇಂದ್ರ' ಎಂದು ಉದ್ದುದ್ದ ಸಮಾಸ, ಹಳೆಯ ಶಾಸನಗಳಲ್ಲಿ ಇರುತ್ತದಲ್ಲ, ಎಲ್ಲಿ ಉಸಿರು ತೆಗೆದುಕೊಳ್ಳಬೇಕೋ ಗೊತ್ತಾಗದ ಹಾಗೆ, ಹಾಗೆ. ಮನೋರಮೆ ತಡೆಯುತ್ತಾಳೆ. ಅವಳ ಮಾತು ಇದು:

'ನೀರಿಳಿಯದ ಗಂಟಲೊಳ್ ಕಡುಬಂ ತುರುಕಿದಂತಾಯ್ತು.'

ನೀರೂ ಇಳಿಯದ ಗಂಟಲಿಗೆ ಕಡುಬು ತುರುಕಿದ ಹಾಗಾಯಿತು. ಈ ಸಾಲಿನ ಹತ್ತಿರ ಸ್ವಲ್ಪ ಹೊತ್ತು ಕೂರಬೇಕು. ವ್ಯಾಕರಣ ಹಳಗನ್ನಡ, ಸರಿ. ಒಳಗಿರುವುದು ಏನು? ಅಡುಗೆಮನೆ. ಕರಾವಳಿಯ ಕಡುಬು ತಿಂದವರಿಗೆ ಗೊತ್ತು, ಹಲಸಿನ ಎಲೆಯ ಕೊಟ್ಟೆಯಲ್ಲಿ ಬೆಂದದ್ದು, ಬಿಸಿ ಇದ್ದಾಗ ಮೆತ್ತಗೆ, ಆರಿದ ಮೇಲೆ ಬಿಗಿ. ಚಟ್ನಿಯೋ ಸಾಂಬಾರೋ ಇಲ್ಲದೆ ಒಣದಾಗಿ ತಿಂದರೆ ಗಂಟಲಲ್ಲಿ ನಿಲ್ಲುತ್ತದೆ. ಸಂಸ್ಕೃತದ ಸಮಾಸಕ್ಕೂ ಅದಕ್ಕೂ ಎಂಥ ಜೋಡಿ ನೋಡಿ, ಎರಡೂ ಅಂಟಿಕೊಂಡು ಒಂದೇ ಮುದ್ದೆ ಆದವು. ಹಳೆಯ ಕವಿಯ ವೇಷ ಹಾಕಿದ ಮನುಷ್ಯನ ನಿಜವಾದ ಊರು ಈ ಸಾಲಿನಲ್ಲಿ ಇಣುಕುತ್ತದೆ.

ಹಾಗಾದರೆ ಹೇಗೆ ಹೇಳಲಿ ಎಂದು ಗಂಡ ಕೇಳುತ್ತಾನೆ. ತಿರುಳುಗನ್ನಡದ ಬಿಳಿ ನುಡಿಯಲ್ಲೇ ಹೇಳು ಎನ್ನುತ್ತಾಳೆ ಅವಳು. 'ಕನ್ನಡಂ ಕತ್ತುರಿಯಲ್ತೆ.' ಕನ್ನಡ ಕಸ್ತೂರಿ ಅಲ್ಲವೇ.

ಈ ಮಾತನ್ನು ನೀವು ನವೆಂಬರ್ ಬಂದಾಗ ಬ್ಯಾನರ್‌ಗಳಲ್ಲಿ, ಆಟೋ ಹಿಂದೆ, ಭಾಷಣಗಳಲ್ಲಿ ಕಂಡಿರುತ್ತೀರಿ. ಘೋಷಣೆ ಆಗಿದೆ ಅದು. ಮೂಲದಲ್ಲಿ ಇದು ಘೋಷಣೆ ಅಲ್ಲವೇ ಅಲ್ಲ. ಮಳೆ ಹೊತ್ತಿನಲ್ಲಿ ಮನೆಯೊಳಗೆ ಕೂತು, ಗಂಡ ದೊಡ್ಡ ಪಂಡಿತನ ಹಾಗೆ ಮಾತಾಡಿದಾಗ ಹೆಂಡತಿ ರೇಗಿಸಿ ಹೇಳಿದ ಮಾತು. ನನಗೆ ಅರ್ಥವಾಗುವ ಹಾಗೆ ಹೇಳಪ್ಪ ಎನ್ನುವ ಒತ್ತಾಯ. ಅಲ್ಲದೆ ಮಾತು ಅಲ್ಲಿಗೆ ನಿಲ್ಲುವುದಿಲ್ಲ. ಗಂಡ ಒಪ್ಪುತ್ತಾನೆ, ಒಪ್ಪಿಕೊಂಡೇ ಒಂದು 'ಆದರೂ' ಸೇರಿಸುತ್ತಾನೆ. ಸಂಸ್ಕೃತವನ್ನು ಪೂರ್ತಿ ಬಿಡುವುದಿಲ್ಲ, ಅಲ್ಲಲ್ಲಿ ಒಂದೊಂದು ಪದ ಇಡುತ್ತೇನೆ, 'ಕರ್ಮಣಿಸರದೊಳ್ ಚೆಂಬವಳಮಂ ಕೋದಂತಿರೆ' ಎನ್ನುತ್ತಾನೆ. ಕರಿಮಣಿ ಸರದಲ್ಲಿ ನಡುನಡುವೆ ಕೆಂಪು ಹವಳ ಪೋಣಿಸಿದ ಹಾಗೆ.

ಯಾರಿಗೆ ಹೇಳುತ್ತಿದ್ದಾನೆ? ಹೆಂಡತಿಗೆ. ನಮ್ಮ ಕಡೆ ಕರಿಮಣಿ ಸರ ಅಂದರೆ ತಾಳಿಯ ಸರ, ಮದುವೆಯಾದ ಹೆಂಗಸಿನ ಕೊರಳಲ್ಲಿ ದಿನವಿಡೀ ಇರುವಂಥದ್ದು. ಅಂದರೆ ಅವಳ ಕೊರಳನ್ನೇ ನೋಡುತ್ತ ಭಾಷೆಯ ನಿಯಮ ಹೇಳುತ್ತಿದ್ದಾನೆ ಅಂತ ನಾನು ಓದಿಕೊಳ್ಳುತ್ತೇನೆ. ಕನ್ನಡ ಎಷ್ಟಿರಬೇಕು, ಸಂಸ್ಕೃತ ಎಷ್ಟಿರಬೇಕು ಎಂಬ ಜಗಳ ಕನ್ನಡದಲ್ಲಿ ಸಾವಿರ ವರ್ಷದಿಂದ ಇದೆ. ಕವಿರಾಜಮಾರ್ಗದ ಕಾಲಕ್ಕೇ ಬೆರಕೆ ಹೇಗಿರಬೇಕು ಎಂದು ಚರ್ಚೆ ನಡೆದಿತ್ತು. ಅಷ್ಟು ದೊಡ್ಡ ಚರ್ಚೆಯನ್ನು ಮುದ್ದಣ ಒಂದು ಕೊರಳ ಸರದಲ್ಲಿ ಮುಗಿಸಿದ. ಪದಗಳನ್ನೂ ನೋಡಿ: ಕೆಂಪು ಹವಳ ಸಂಸ್ಕೃತದ ಲೆಕ್ಕ ತಾನೇ, ಆ 'ಪವಳ' ಎಂಬ ಪದವೇ ಸಂಸ್ಕೃತದ 'ಪ್ರವಾಳ'ದಿಂದ ಬಂದದ್ದು, ಕನ್ನಡದ ಬಾಯಲ್ಲಿ ಉಜ್ಜಿ ಉಜ್ಜಿ ನುಣುಪಾದದ್ದು. ಹೇಳುವುದನ್ನು ಹೇಳುತ್ತಲೇ ಮಾಡಿ ತೋರಿಸುತ್ತಾನೆ.

ಈಗ ನನ್ನ ಮುಖ್ಯ ಮಾತು. ಈ ಸಲ್ಲಾಪ ಎಲ್ಲಿಂದ ಬಂತು? ಹಳೆಯ ಚಂಪೂ ಕಾವ್ಯಗಳಲ್ಲಿ ಕತೆ ಕೇಳುವವರು ಇರುತ್ತಾರೆ, ನಿಜ. ಶ್ರೇಣಿಕ ಮಹಾರಾಜ ಕೇಳಿದ, ಗೌತಮ ಗಣಧರರು ಹೇಳಿದರು. ಜನಮೇಜಯ ಕೇಳಿದ, ಮುನಿ ಹೇಳಿದ. ಆ ಕೇಳುಗರು ಬಹಳ ಒಳ್ಳೆಯವರು, ಕೈಮುಗಿದು ಕೂತಿರುತ್ತಾರೆ. ಯಾರೂ 'ನಿಲ್ಲಿಸು, ಗಂಟಲಲ್ಲಿ ಸಿಕ್ಕಿಕೊಂಡಿತು' ಅನ್ನುವುದಿಲ್ಲ. ಮನೋರಮೆ ಅನ್ನುತ್ತಾಳೆ. ಅಧ್ಯಾಯ ಮುಗಿದಾಗಲೂ ಇವರಿಬ್ಬರ ಮಾತು ಮತ್ತೆ ಬರುತ್ತದೆ, ಟೀಕೆ, ಕೀಟಲೆ, ಮುನಿಸು. ಗದ್ಯಕ್ಕೆ ಹಳಗನ್ನಡದಲ್ಲಿ ಮಾದರಿಯೂ ಜಾಸ್ತಿ ಇರಲಿಲ್ಲ. ಹಳೆಯ ಗದ್ಯಕತೆಗಳ 'ವಡ್ಡಾರಾಧನೆ' ಪುಸ್ತಕವಾಗಿ ಬಂದದ್ದೇ 1949ರಲ್ಲಿ. ಅದು ಮುದ್ದಣನ ಕಣ್ಣಿಗೆ ಬಿದ್ದಿರುವ ಸಾಧ್ಯತೆ ಬಹಳ ಕಮ್ಮಿ.

ನನ್ನ ಅನುಮಾನ ಯಕ್ಷಗಾನದ ಮೇಲೆ. ಪ್ರಸಂಗ ಅಂತ ಕವಿ ಬರೆಯುವುದು ಹಾಡುಗಳನ್ನು ಮಾತ್ರ. ಭಾಗವತರು ಪದ್ಯ ಹೇಳುತ್ತಾರೆ, ಆಮೇಲೆ ವೇಷಧಾರಿಗಳು ಅದಕ್ಕೆ ತಾವೇ ಮಾತು ಕಟ್ಟಬೇಕು. ಯಾರೂ ಬರೆದುಕೊಟ್ಟಿರುವುದಿಲ್ಲ. ಇದಕ್ಕೆ ಅರ್ಥಗಾರಿಕೆ ಅನ್ನುತ್ತೇವೆ. ಒಬ್ಬ ದೊಡ್ಡ ಮಾತು ಆಡಿದ ತಕ್ಷಣ ಎದುರಿನವನು ಅದರ ಬಾಲ ಹಿಡಿದು ಎಳೆಯುತ್ತಾನೆ, ಸಭೆ ನಗುತ್ತದೆ, ಮೊದಲನೆಯವನು ಸಾವರಿಸಿಕೊಂಡು ಇನ್ನೊಂದು ಎಸೆಯುತ್ತಾನೆ. ಅದರಲ್ಲೂ ತಾಳಮದ್ದಳೆ ಅಂದರೆ ವೇಷ ಕುಣಿತ ಏನೂ ಇಲ್ಲ, ಚಾಪೆಯ ಮೇಲೆ ಕೂತು ಬರೀ ಮಾತು. ಯಾವಾಗ ಜಾಸ್ತಿ ನಡೆಯುತ್ತದೆ? ಮಳೆಗಾಲದಲ್ಲಿ. ಮೇ ತಿಂಗಳ ಕೊನೆಗೆ ಪತ್ತನಾಜೆ, ಅಂದರೆ ತುಳುವರ ಲೆಕ್ಕದಲ್ಲಿ ಆಟದ ಕಾಲ ಮುಗಿಯುವ ದಿನ, ಬಂದರೆ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಆಮೇಲೆ ಜಡಿಮಳೆ. ಹೊರಗೆ ಹೋಗುವ ಹಾಗಿಲ್ಲ. ಜಗಲಿಯಲ್ಲಿ, ದೇವಸ್ಥಾನದ ಚಾವಡಿಯಲ್ಲಿ ಚೆಂಡೆ ಮದ್ದಳೆ ಇಟ್ಟುಕೊಂಡು ರಾಮಾಯಣ, ಭಾರತದ ಮೇಲೆ ಮಾತಿನ ಯುದ್ಧ.

ಮಳೆಗಾಲ, ಹೊತ್ತು ಹೋಗದ ಸಂಜೆ, ಕೂತು ಆಡುವ ಮಾತು, ರಾಮಾಯಣದ ಕತೆ, ಒಬ್ಬರು ಹೇಳಿದರೆ ಇನ್ನೊಬ್ಬರು ತಡೆಯುವುದು. ಇದನ್ನೆಲ್ಲ ಸೇರಿಸಿ ಮತ್ತೆ ರಾಮಾಶ್ವಮೇಧದ ಮೊದಲ ಪುಟ ಓದಿ. ಇಬ್ಬರೇ ಇರುವ ತಾಳಮದ್ದಳೆ ಅದು. ಮೇಲಿನ ಬಟ್ಟೆ ಮಾತ್ರ ಹತ್ತನೆಯ ಶತಮಾನದ್ದು. ವಿದ್ವಾಂಸರು ಹಳಗನ್ನಡ ನೋಡಿ ಹಳೆಯ ಕಾಲಕ್ಕೆ ಹೋದರು, ಕಡುಬು ನೋಡಿದ್ದರೆ ನೆಟ್ಟಗೆ ಉಡುಪಿಗೆ ಬರುತ್ತಿದ್ದರು.

ಮನೋರಮೆ ಅಂದರೆ ಹೆಂಡತಿ ಕಮಲಾಬಾಯಿಯೇ ಎಂದು ಎಷ್ಟೋ ಜನ ಹೇಳುತ್ತಾರೆ. ಇರಬಹುದು. ಕತೆಯೊಳಗಿನ ಹೆಂಗಸನ್ನು ಮನೆಯ ಹೆಂಗಸಿಗೆ ಗಂಟು ಹಾಕುವುದು ನನಗೆ ಅಷ್ಟೊಂದು ಇಷ್ಟವಿಲ್ಲ. ಮನೋರಮೆಯ ಬುದ್ಧಿ ಚುರುಕಾಗಿದೆ, ಕಾವ್ಯದ ರುಚಿ ಇದೆ, ಗಂಡನ ಮಾತಿಗೆ ಮಾತು ಕೊಡುತ್ತಾಳೆ. ಹಾಗಂತ ಅವಳನ್ನು ಇವತ್ತಿನ ಸ್ತ್ರೀವಾದಿ ಮಾಡಲು ಹೊರಟರೂ ತಪ್ಪಾಗುತ್ತದೆ. ಕಾಲು ತೊಳೆಯಲು ನೀರು ಕೊಟ್ಟು, ಹಣ್ಣು ಹಾಲು ಕೊಟ್ಟು, ವೀಳ್ಯ ಮಡಿಸಿ ಕೊಡುವ ಹೆಂಡತಿಯೂ ಅವಳೇ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಓದಬೇಕು.

ಅದೇ ಹೊತ್ತಿಗೆ ಅದೇ ಜಿಲ್ಲೆಯಲ್ಲಿ ಇನ್ನೇನು ನಡೆಯುತ್ತಿತ್ತು ಗೊತ್ತಾ? 1899ರಲ್ಲಿ ಮಂಗಳೂರಿನಲ್ಲಿ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ಅಚ್ಚಾಯಿತು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎಂದು ಹೇಳುವ ಪುಸ್ತಕ. ವಿಧವೆಯ ಮರುಮದುವೆ, ಹೆಣ್ಣುಮಕ್ಕಳ ಓದು ಅದರ ವಿಷಯ. ಮುದ್ದಣನ ರಾಮಾಶ್ವಮೇಧ ಮೈಸೂರಿನಲ್ಲಿ ಕಂತಿನಲ್ಲಿ ಬರತೊಡಗಿದ್ದೂ ಅದೇ ಸುಮಾರಿಗೆ. ಒಬ್ಬರು ನಿಜವಾದ ಹೆಸರು ಹಾಕಿ ಇವತ್ತಿನ ಕತೆ ಹೇಳಿದರು, ಇನ್ನೊಬ್ಬ ಮುಖ ಮುಚ್ಚಿಕೊಂಡು ತ್ರೇತಾಯುಗದ ಕತೆ ಹೇಳಿದ. ಹೊಸದು ಯಾವುದು, ಹಳೆಯದು ಯಾವುದು ಎಂದು ಕೇಳಿದರೆ ಉತ್ತರ ಸುಲಭ ಅನ್ನಿಸುತ್ತದೆ, ಅಲ್ವಾ? ಇವತ್ತು ಎರಡನ್ನೂ ಪಕ್ಕ ಪಕ್ಕ ಇಟ್ಟು ಓದಿದರೆ, ಗಂಡ ಹೆಂಡತಿಯ ಮಾತು ಎಂಬ ಒಂದು ವಿಷಯದಲ್ಲಿ ನನಗೆ ಮುದ್ದಣನೇ ಹೆಚ್ಚು ಹೊಸಬನಾಗಿ ಕಾಣುತ್ತಾನೆ. ಅದಕ್ಕೇ ಅವನನ್ನು ಹೊಸಗನ್ನಡದ ಮುಂಗೋಳಿ ಎನ್ನುವುದು. ಬೆಳಕು ಹರಿಯುವ ಮೊದಲೇ ಕೂಗಿದ ಕೋಳಿ. ಹೊಸಗನ್ನಡ ಎನ್ನುವ ಹೊಗಳಿಕೆ ಹಳಗನ್ನಡದಲ್ಲಿ ಬರೆದವನಿಗೆ ಸಿಕ್ಕಿದ್ದು ಒಂದು ಮಜಾ.

ತೀರಿಕೊಂಡಾಗ ಅವನೇ ಮುದ್ದಣ ಎಂದು ಮೈಸೂರಿನ ಓದುಗರಿಗೆ ಗೊತ್ತಿರಲಿಲ್ಲ. ಹತ್ತಿರದ ಕೆಲವರಿಗೆ ತಿಳಿದಿತ್ತು. ಮುದ್ದಣ ಯಾವ ಕಾಲದವನು ಎಂದು ಹೊರಗಿನವರು ಊಹೆ ಮಾಡುತ್ತಲೇ ಇದ್ದರು. ಅವನೂ ನಂದಳಿಕೆಯ ಲಕ್ಷ್ಮೀನಾರಣಪ್ಪನೂ ಒಬ್ಬನೇ ಎಂಬುದು ಎಲ್ಲರಿಗೂ ಖಚಿತವಾಗಲು ವರ್ಷಗಳೇ ಹಿಡಿದವು. ಮುಂದೆ ಕರಾವಳಿಯ ಸಾಹಿತಿಗಳು ಅವನ ಬದುಕಿನ ವಿವರ ಹುಡುಕಿದರು, ಬರೆದರು, ಊರಿನಲ್ಲಿ ನೆನಪು ಉಳಿಸುವ ಕೆಲಸ ಮಾಡಿದರು. ತನ್ನ ಪುಸ್ತಕಕ್ಕೆ ತನ್ನ ಹೆಸರಿನಲ್ಲಿ ಒಂದು ಮೆಚ್ಚುಗೆಯ ಮಾತು ಕೂಡ ಅವನು ಮೈಸೂರಿನವರಿಂದ ಕೇಳಿಸಿಕೊಂಡಿರಲಾರ. ಅದನ್ನು ನೆನೆದಾಗ ಬೇಜಾರಾಗುತ್ತದೆ, ಏನು ಮಾಡುವುದು.

ಒಂದು ಕಡೆ ಮಾತ್ರ ಅವನು ಮುಖ ಮುಚ್ಚಿಕೊಂಡಿರಲಿಲ್ಲ, ಅದು ಯಕ್ಷಗಾನ. 'ಕುಮಾರ ವಿಜಯ' ಈಗಲೂ ಆಡುವ ಪ್ರಸಂಗ. ಭಾಗವತರಿಗೆ ಅದು ಸವಾಲು, ಹಾಡಲು ಗೊತ್ತಿದ್ದವರಿಗೆ ಹಬ್ಬ. ಪುಸ್ತಕದ ಮುದ್ದಣನನ್ನು ಒಂದು ಸಾಲೂ ಓದದವರು ಆಟದ ಮುದ್ದಣನನ್ನು ರಾತ್ರಿಯಿಡೀ ಕೇಳಿ ಬೆಳಿಗ್ಗೆ ಮನೆಗೆ ಹೋಗಿದ್ದಾರೆ.

ಕಳೆದ ಮಳೆಗಾಲದಲ್ಲಿ ಕಾರ್ಕಳದ ಹತ್ತಿರ ಅತ್ತೆಯ ಮನೆಗೆ ಹೋಗಿದ್ದೆ. ಅವರು ಶಾಲೆ ಕಲಿತದ್ದು ಏಳನೇ ಕ್ಲಾಸಿನವರೆಗೆ. ಒಲೆಯ ಮೇಲೆ ಕೊಟ್ಟೆ ಕಡುಬು ಬೇಯುತ್ತಿತ್ತು. ನಾನು ಸುಮ್ನೆ ಪರೀಕ್ಷೆ ಮಾಡೋಣ ಅಂತ ಆ ಸಾಲನ್ನು ಇದ್ದ ಹಾಗೇ ಹೇಳಿದೆ, 'ನೀರಿಳಿಯದ ಗಂಟಲೊಳ್ ಕಡುಬಂ ತುರುಕಿದಂತಾಯ್ತು.' ಅರ್ಥ ಹೇಳಲು ಬಾಯಿ ತೆರೆಯುವ ಮೊದಲೇ ಅತ್ತೆ ನಕ್ಕರು.

"ಹೌದಲ್ಲ ಮಾರಾಯ, ಸಾಂಬಾರು ಇಲ್ಲದೆ ಹೇಗೆ ಇಳಿಯುವುದು ಅದು? ಯಾರು ಹೇಳಿದ್ದು?"

"ನಂದಳಿಕೆಯವರು ಒಬ್ಬರು, ಅತ್ತೆ."

"ಮತ್ತೆ!" ಎಂದು ಅವರು ಮುಚ್ಚಳ ತೆಗೆದು ಕಡುಬು ಬೆಂದಿದೆಯಾ ನೋಡಿದರು.